ಬಲತೋಳು ಎರಡಿಂಚು ಜಾಸ್ತಿ

ಇಪ್ಪತ್ತೆರಡು ವರ್ಷ ಟೇಪು ಹಿಡಿದು
ಕೌಲ್‌ಬಜಾರಿನ ಹೆಂಗಸರ ಮೈ ಅಳೆದಾಕಿ ನಾನು.
ಎದೆ, ಸೊಂಟ, ತೋಳು, ಹಿಂದಿನ ಕೊರಳು.
ಯಾರ ಮೈ ಯಾವ ದೀಪಾವಳಿಗೆ ತುಂಬಿತು,
ಯಾರದು ಹೆರಿಗಿ ಆಗಿ ಎಷ್ಟು ಇಳೀತು
ನನ್ನ ಹಳೇ ನೋಟ್‌ಬುಕ್ಕಿಗೆ ಗೊತ್ತು.

ಈಗ ಟೇಪು ತಬಸ್ಸುಮ್ ಕೈಯಾಗ.
ಮಣಿಕಟ್ಟಿಂದ ಹತ್ತು ಹತ್ತು ಸೆಂಟಿಮೀಟರಿಗೆ
ಪೆನ್ನಿಲೆ ಒಂದೊಂದು ಚುಕ್ಕಿ ಇಟ್ಟು
ಸುತ್ತಳತಿ ಬರಕೊಳ್ತಾಳ ಹುಡುಗಿ.
ಬಾಳ ಬಿಗಿ ಹಿಡದೀಯವ್ವ ಅಂತೀನಿ.
ನಗತಾಳ, ಸಡಿಲ ಬಿಡತಾಳ.
ಎಡಗೈ ಇಪ್ಪತ್ತಾರು, ಬಲಗೈ ಮೂವತ್ತೊಂದು.
ನಮ್ಮ ಲೆಕ್ಕದಾಗ ಎರಡಿಂಚು.

ಎದೆ ತೆಗೆದಾಗ ಅತ್ತಿದ್ದು ಒಂದೇ ರಾತ್ರಿ.
ಕಂಕುಳದ ಗಂಟು ಹದಿನಾಲ್ಕು ತೆಗೆದೀವಿ ಅಂದ್ರು,
ಅವಕ್ಕೂ ಒಂದು ಕೆಲಸ ಇತ್ತಂತ ಯಾರು ಹೇಳಿದ್ರು?
ಒಂಬತ್ತು ತಿಂಗಳ ಮ್ಯಾಲೆ
ಒಂದು ಮುಂಜಾನಿ ಬಳಿ ಏರಲಿಲ್ಲ.
ಉಂಗುರ ಇಳೀಲಿಲ್ಲ.
ಸೋಪು ಹಚ್ಚಿ, ಎಣ್ಣಿ ಹಚ್ಚಿ, ನೂಲು ಸುತ್ತಿ
ಕಡೀಗೆ ಅಕ್ಕಸಾಲಿ ಕತ್ತರಿಸಿದ.
ನಾದಿಟ್ಟ ಹಿಟ್ಟಿನಂಥ ಕೈ.
ಒತ್ತಿದ್ರ ಬೆರಳಿನ ಗುಳಿ
ಗುಳಿಯಾಗೇ ಕುಂತಿರತಿತ್ತು ಘಳಿಗಿ ಹೊತ್ತು.

ಜೋರು ತಿಕ್ಕಂಗಿಲ್ಲೇನು, ಬಾಣಂತಿ ಮೈ ತಿಕ್ಕಿದಂಗ?
"ಬ್ಯಾಡ ಸುಂಕಮ್ಮಕ್ಕ, ನೀರು ಚರ್ಮದ ಕೆಳಗೇ ಐತಿ,
ಒತ್ತಿದ್ರ ದಾರಿ ಮುಚ್ಚತೈತಿ."
ಆಕಿ ಬೆರಳು ಮುಟ್ಟೋದು
ರೇಷ್ಮಿ ಅರಿವಿ ಸುಕ್ಕು ಬಿಡಿಸಿದಂಗ,
ಇಸ್ತ್ರಿ ಇಲ್ಲದ, ಬರೇ ಅಂಗೈಲೆ.

ಮೊದಲು ಕುತ್ತಿಗಿ. ಆಮ್ಯಾಲೆ ಎಡಗಂಕುಳ.
ಬಾವಿರೋದು ಇಲ್ಲಿ, ನೀ ಅಲ್ಲಿ ಯಾಕ ಸವರತಿ ಅಂದೆ.
ನಮ್ಮಪ್ಪ ಇದ್ದಿದ್ರ ಅವಗ ತಿಳೀತಿತ್ತು.
ಕಾಲುವಿ ಮ್ಯಾಗ ನೀರುಗಂಟಿ ಅವ.
ತೂಬು ಕೆಟ್ಟು ನೀರು ನಿಂತ್ರ
ಮೊದಲು ಮುಂದಿನ ಕಾಲುವಿ ಖಾಲಿ ಮಾಡು,
ಹೋಗಾಕ ಜಾಗ ಇಲ್ಲದ ನೀರಿಗೆ
ಬೈದ್ರ ಏನು ಬಂತು ಅಂತಿದ್ದ.
ಎದೆ ಇಲ್ಲದ ಬಯಲು ದಾಟಿಸಿ,
ಹೊಲಿಗಿ ಗುರುತಿನ ಬದು ಹತ್ತಿಸಿ ಇಳಿಸಿ
ತಬಸ್ಸುಮ್ ನೀರು ತಿರುವತಾಳ
ನಿದಾನಕ.

ಆಮ್ಯಾಲೆ ಪಟ್ಟಿ. ಹತ್ತಿ, ಸ್ಪಂಜು,
ಅದರ ಮ್ಯಾಲೆ ಮೂರು ಸುತ್ತು, ಬೆರಳಿಗೆ ಬೇರೆ ಬೇರೆ.
ಏಪ್ರಿಲ್ ತಿಂಗಳು. ಬಳ್ಳಾರಿ. ಕರೆಂಟು ಹೋಗೈತಿ.
ರಾತ್ರಿ ಹನ್ನೊಂದಕ್ಕೂ ಗುಡ್ಡದ ಕಲ್ಲು
ಹಗಲಿನ ಕಾವು ಉಗುಳತೈತಿ.
ಎರಡು ಸಲ ಬಿಚ್ಚಿ ಒಗದೀನಿ,
ತಬಸ್ಸುಮ್‌ಗೆ ಇಲ್ಲ ಅಂತ ಸುಳ್ಳು ಹೇಳೀನಿ.
ಟೇಪು ಹೇಳಲಿಲ್ಲ.

ಸೂಜಿ ಚುಚ್ಚಿಸ್ಕೋಬ್ಯಾಡ ಅಂತಾಳ.
ಸೂಜಿ ಬಿಟ್ಟು ನನಗ ಏನು ಗೊತ್ತು?
ಅಂಗುಸ್ತಾನ ಹಾಕ್ಕೊಂಡು ಗುಂಡಿ ಹಚ್ಚತೀನಿ.
ಬಿಸಿ ಹಂಚು ಬ್ಯಾಡ ಅಂತಾಳ.
ನನ್ನ ಗಂಡ ರೊಟ್ಟಿ ಬಡಿಯಾಕ ಕಲತಾನ.
ನಕಾಶಿಯಾಗಿನ ಆಂಧ್ರದಂಗ ಬರತಾವು,
ಹರಕೊಂಡು ತಿಂತೀವಿ.
ಗೋಡಿಗೆ ಬೆರಳು ಹಚ್ಚಿ
ಇರುವಿ ಹತ್ತಿದಂಗ ಹತ್ತಸತೀನಿ ದಿನಾ.
ಮಗಳ ಎತ್ತರ ಗುರುತು ಹಾಕಿದ ಗೆರಿ ಐತಿ ಅಲ್ಲಿ,
ಮೂರನೇ ಕ್ಲಾಸಿಂದು.
ನಿನ್ನೆ ಅದನ್ನ ಮುಟ್ಟಿದೆ.
ನಾಕನೇ ಕ್ಲಾಸು ಇನ್ನೂ ಮ್ಯಾಲೈತಿ.

ಹೋದ ವಾರ ಕುಪ್ಪಸದ ಬಲತೋಳು ಬಿಚ್ಚಿದೆ.
ಒಳಗ ಬಿಟ್ಟ ಬಟ್ಟಿ ಸಾಲಲಿಲ್ಲ.
ಕಂಕುಳಕ್ಕ ಒಂದು ಮೂರು ಮೂಲಿ ತುಂಡು ಕೊಟ್ಟೆ,
ಹಸಿರು ಕುಪ್ಪಸಕ್ಕ ಹಳದಿ.
ಹಸಿರು ತುಂಡು ಡಬ್ಬಿಯಾಗ ಇರಲಿಲ್ಲಂತಲ್ಲ.

ಇವತ್ತು ಬೆಂಚಿನ ಮ್ಯಾಲೆ ಸಿರುಗುಪ್ಪದಾಕಿ ಒಬ್ಬಳು,
ಸೆರಗಿನಾಗ ಎಡಗೈ ಬಚ್ಚಿಟ್ಟುಕೊಂಡು
ನನ್ನ ತೋಳನ್ನೇ ನೋಡಿದ್ಲು ಬಾಳ ಹೊತ್ತು.
"ಇಂಥಾದ್ದು ಎಲ್ಲಿ ಹೊಲೀತಾರಕ್ಕ?"
ಚೀಲದಾಗ ಟೇಪು ಇತ್ತು.
ಸೆರಗು ಸರಿಸು ಅಂದೆ.
ಬಿಗಿ ಹಿಡೀಲಿಲ್ಲ.
"ಮೂವತ್ತು ರೂಪಾಯಿ ಜಾಸ್ತಿ ಆಗತೈತಿ ನೋಡವ್ವ,
ತುಂಡು ಬಟ್ಟಿ ನಿಂದೇ."
"ಇಪ್ಪತ್ತು," ಅಂದ್ಲು ಆಕಿ.